ಸಂಜೆ ತೋರಿಸಿ ಬೆಳಿಗ್ಗೆ ನೋಡುತ್ತಿದ್ದವರು

ಕಳೆದ ಜನವರಿ ಹದಿನೇಳು, ಶನಿವಾರ, ಮಾಗಡಿಯ ಹೊಲಿಗೆ ಟೀಚರೊಬ್ಬರು ರಾಮನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಅರವತ್ತೆಂಟು ವರ್ಷ. ಎರಡು ವಾರದಿಂದ ನ್ಯುಮೋನಿಯಾ ಇತ್ತು. ಮಾರನೆಯ ದಿನ ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ನಿಧನವಾರ್ತೆ ಬಂತು. ಬರೆದವನು ನಾನು. ಮೂವತ್ತು ವರ್ಷ ಹೊಲಿಗೆ ಕಲಿಸಿದ್ದರು, ಒಬ್ಬ ಮಗಳಿದ್ದಾರೆ, ಅನೇಕ ಶಿಷ್ಯೆಯರಿದ್ದಾರೆ ಎಂದು ಅದರಲ್ಲಿತ್ತು. ನಾಲ್ಕು ಸಾಲಿಗೆ ಅಷ್ಟೇ ಹಿಡಿಯುತ್ತದೆ.

ಈ ಬರಹದಲ್ಲಿ ಅವರ ಹೆಸರಿಲ್ಲ. ಹೆಸರು ಬರೆದರೆ ಇನ್ನೊಬ್ಬಳ ಗುರುತು ಸಿಗುತ್ತದೆ. ಆ ಇನ್ನೊಬ್ಬಳನ್ನು ಭಾಗ್ಯ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಅವಳ ಊರು ಕಲ್ಯದ ಆಸುಪಾಸಿನಲ್ಲಿದೆ, ಅಷ್ಟು ಸಾಕು. ಬರೆಯಲು ಅವಳೂ ಅವಳ ಮನೆಯವರೂ ಒಪ್ಪಿದ್ದಾರೆ.

ಮಾಗಡಿ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಕಟ್ಟಡದ ಮಹಡಿಯಲ್ಲಿ ಟೀಚರಮ್ಮನ ಕ್ಲಾಸು ಇತ್ತು. ಪಕ್ಕದ ಕೋಣೆ ನನ್ನದು, ತಾಲ್ಲೂಕು ವರದಿಗಾರನ ಕಚೇರಿ. ಮೆಟ್ಟಿಲು ಇಬ್ಬರಿಗೂ ಒಂದೇ. ನಾನು ಅಲ್ಲಿಗೆ ಬಂದ ಮೊದಲ ವಾರ ಅವರು ಬಾಗಿಲಲ್ಲಿ ನಿಂತು ಕೇಳಿದರು:

"ಹಳೇ ಪೇಪರ್ ಐತೇನಪ್ಪ?"

"ಯಾತಕ್ಕೆ ಟೀಚರಮ್ಮ?"

"ಹೊಲಿಯಕ್ಕೆ."

ತಮಾಷೆ ಎಂದುಕೊಂಡೆ. ತಮಾಷೆ ಅಲ್ಲ. ಹೊಸದಾಗಿ ಬಂದವರಿಗೆ ಅವರು ದಾರವನ್ನೂ ಕೊಡುತ್ತಿರಲಿಲ್ಲ, ಬಟ್ಟೆಯನ್ನೂ ಕೊಡುತ್ತಿರಲಿಲ್ಲ. ಬರೀ ಸೂಜಿ, ಕೆಳಗೆ ಒಂದು ಹಾಳೆ ಪೇಪರು. ಅಚ್ಚಾದ ಗೆರೆಯ ಮೇಲೆ ಸೂಜಿ ತೂತು ಬೀಳುತ್ತ ಹೋಗಬೇಕು. ಗೆರೆ ಬಿಟ್ಟು ಹೋದರೆ ತೂತುಗಳೇ ಹೇಳುತ್ತವೆ. ಕಾಲಿನಲ್ಲಿ ತುಳಿಯುವ ಮಿಷನ್ ಕಲಿಯುವುದು ಕೈಗಿಂತ ಮೊದಲು ಕಾಲು. ತುಳಿತ ತಪ್ಪಿದರೆ ಚಕ್ರ ಹಿಂದಕ್ಕೆ ತಿರುಗುತ್ತದೆ. ದಾರ ಹಾಕಿದ್ದರೆ ಆಗ ದಾರ ತುಂಡಾಗುತ್ತದೆ. ದಾರ ಹಾಕದೆ ಕಾಗದದ ಮೇಲೆ ಕಲಿಸುವುದು ಅದಕ್ಕೇ.

ನನ್ನ ಹಳೇ ಪೇಪರಿನ ಕಟ್ಟು ಬಿಚ್ಚಿ ಅವರೇ ಪುಟ ಆರಿಸುತ್ತಿದ್ದರು. "ಟೆಂಡರ್ ಬಂದಿರೋವು ಕೊಡು. ಚೌಕ ಚೌಕ ಇರ್ತವೆ, ಮೂಲೆ ತಿರುಗ್ಸದು ಕಲೀತಾರೆ. ಸಂಪಾದಕೀಯ ಬ್ಯಾಡ, ಅದ್ರಾಗೆ ಗೆರೇನೆ ಇರಕ್ಕಿಲ್ಲ."

"ಸುದ್ದಿ ಪುಟ?"

"ಸುದ್ದಿ ನೀನೇ ಮಡಿಕ್ಕೊ."

ಮಾತಾಡುವಾಗ ಅವರು ಎದುರಿನವರ ಮುಖ ನೋಡುತ್ತಿರಲಿಲ್ಲ, ಹೆಗಲಿನ ಹೊಲಿಗೆ ನೋಡುತ್ತಿದ್ದರು. ಹೆಸರು ಮರೆಯುತ್ತಿದ್ದರು, ಅಳತೆ ಮರೆಯುತ್ತಿರಲಿಲ್ಲ. ತಾಲ್ಲೂಕಿನ ಅಧಿಕಾರಿಯೊಬ್ಬರು ಅವರ ಕ್ಲಾಸಿನ ಹುಡುಗಿಯರಿಗೆ ಪ್ರಮಾಣಪತ್ರ ಕೊಡಲು ಬಂದಿದ್ದಾಗ, ಕಾರ್ಯಕ್ರಮದ ನಡುವೆ ಎದ್ದು ಹೋಗಿ, "ಸಾರ್, ಒಸಿ ಬಗ್ಗಿ, ಕಾಲರ್ ಒಳೀಕೆ ಮಡಚ್ಕೊಂಡೈತೆ" ಎಂದು ಸರಿಮಾಡಿದರು. ಅಧಿಕಾರಿ ಬಗ್ಗಿದ ಚಿತ್ರ ಮಾರನೆಯ ದಿನ ಪತ್ರಿಕೆಯಲ್ಲಿ ಬಂತು. ಅಡಿಬರಹ ಬರೆದವರು ಪತ್ರಿಕೆಯ ಮುಖ್ಯ ಕಚೇರಿಯಲ್ಲಿದ್ದವರು: 'ಹಿರಿಯ ಶಿಕ್ಷಕಿಯ ಆಶೀರ್ವಾದ ಪಡೆದ ಅಧಿಕಾರಿ.' ಟೀಚರಮ್ಮ ಆ ಪುಟವನ್ನೂ ಬಿಡಲಿಲ್ಲ. ಚಿತ್ರದ ಸುತ್ತ ಹೊಲಿಯಲು ಚೆನ್ನಾದ ಗೆರೆ ಇತ್ತು.

ಅವರ ಕ್ಲಾಸಿಗೆ ಒಂದು ಪದ್ಧತಿ ಇತ್ತು. ಹೊಸ ಪಾಠವನ್ನು ಬೆಳಿಗ್ಗೆ ಹೇಳುತ್ತಿರಲಿಲ್ಲ. ಸಂಜೆ, ಹಳ್ಳಿಯ ಹುಡುಗಿಯರು ಬಸ್ಸಿಗೆ ಚೀಲ ಎತ್ತಿಕೊಳ್ಳುವ ಮುಂಚೆ ಹೊಸದನ್ನು ತೋರಿಸಿ, ಸ್ವಲ್ಪ ಹೊತ್ತು ಮಾಡಿಸುತ್ತಿದ್ದರು. ಆಗ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. "ಹೋಗಿ, ಉಂಡು ಮನಿಕ್ಕಳಿ" ಎಂದು ಕಳಿಸಿಬಿಡುತ್ತಿದ್ದರು. ಮಾರನೆಯ ಬೆಳಿಗ್ಗೆ ಚಪ್ಪಲಿ ಬಿಟ್ಟವರು ನೇರ ಮಿಷನ್ನಿಗೆ ಕೂರಬೇಕು. ಮಾತಿಲ್ಲ, ಹೇಳಿಕೊಡುವುದಿಲ್ಲ. ಹಿಂದಿನ ಸಂಜೆ ಸೊಟ್ಟಗೆ ಹೋದದ್ದು ಬೆಳಿಗ್ಗೆ ನೆಟ್ಟಗೆ ಹೋಗುತ್ತಿತ್ತು. ರಾತ್ರಿ ಯಾರೂ ಅಭ್ಯಾಸ ಮಾಡಿರುತ್ತಿರಲಿಲ್ಲ. ಬಹಳಷ್ಟು ಜನರ ಮನೆಯಲ್ಲಿ ಮಿಷನ್ನೇ ಇರಲಿಲ್ಲ.

"ಕಲಿಸೋಳು ನಾನಲ್ಲ ಕಣಪ್ಪ, ನಿದ್ದೆ. ನಾನು ತೋರಿಸ್ತೀನಿ ಅಷ್ಟೇಯ" ಎನ್ನುತ್ತಿದ್ದರು.

ಇದಕ್ಕೆ ಕ್ಲಾಸಿನಲ್ಲಿ 'ಬೆಳಗಿನ ಕೈ' ಎಂದು ಹೆಸರು. ಬೆಳಗಿನ ಕೈ ಬಂದವರು ಕಾಗದದಿಂದ ಬಟ್ಟೆಗೆ, ಬಟ್ಟೆಯಿಂದ ಲಂಗಕ್ಕೆ, ಲಂಗದಿಂದ ರವಿಕೆಗೆ ಹೋಗುತ್ತಿದ್ದರು. ಬಾರದವರಿಗೆ ಅದನ್ನೇ ಮತ್ತೆ ತೋರಿಸುತ್ತಿದ್ದರು, ಮತ್ತೂ ಒಮ್ಮೆ ತೋರಿಸುತ್ತಿದ್ದರು. ಆಮೇಲೂ ಬಾರದಿದ್ದರೆ 'ಕೈಗೆ ಹತ್ತಲಿಲ್ಲ' ಎಂದು ತೀರ್ಮಾನ. ಅಂಥವರು ಕಡಿಮೆ. ಅವರನ್ನು ಬೈದು ಕಳಿಸಿದ್ದು ನಾನು ಕಂಡಿಲ್ಲ. ಅರಿಶಿನ ಕುಂಕುಮ ಕೊಟ್ಟು, ಒಂದು ರವಿಕೆ ಕಣ ಕೊಟ್ಟು, ತವರಿನಿಂದ ಹೊರಟವರ ಹಾಗೆ ಕಳಿಸುತ್ತಿದ್ದರು.

ಭಾಗ್ಯ ಬಂದದ್ದು ನಾಲ್ಕು ವರ್ಷದ ಹಿಂದೆ. ಕರೆದುಕೊಂಡು ಬಂದವರು ಅವಳ ಅತ್ತಿಗೆ, ಅಣ್ಣನ ಹೆಂಡತಿ. ಭಾಗ್ಯ ಮಾಗಡಿಯಲ್ಲೇ ಡಿಗ್ರಿ ಓದುತ್ತಿದ್ದವಳು. ಎರಡನೆಯ ವರ್ಷದಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದಾಗಲೂ ಯಾರೋ ತನ್ನ ಬಗ್ಗೆ ಮಾತಾಡುವುದು ಅವಳಿಗೆ ಕೇಳಿಸತೊಡಗಿತು. ಕಾಲೇಜು ನಿಂತಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಕಿಜೋಫ್ರೀನಿಯಾ ಎಂದರು. ಮಾತ್ರೆಯಿಂದ ಆ ದನಿಗಳು ಅಡಗಿದವು. ಜೊತೆಗೆ ಕೈಕಾಲು ನಿಧಾನವಾದವು. ನಡೆಯುವಾಗ ಅವಳ ತೋಳುಗಳು ಬೀಸುತ್ತಿರಲಿಲ್ಲ, ಮೈಗೆ ಅಂಟಿಕೊಂಡಂತೆ ಇರುತ್ತಿದ್ದವು.

ಅತ್ತಿಗೆ ಮೆಟ್ಟಿಲ ಹತ್ತಿರವೇ ಎಲ್ಲ ಹೇಳಿದರು. "ಟೀಚರಮ್ಮ, ಮುಚ್ಚುಮರೆ ಯಾಕೆ. ಇವ್ಳಿಗೆ ತಲೆಗೆ ಮಾತ್ರೆ ನಡೀತೈತೆ. ಏನಾದ್ರೂ ಕೆಲ್ಸ ಕಲೀಲಿ ಅಂದವ್ರೆ ಡಾಕ್ಟ್ರು. ಯಾರ್ಗೂ ಏನೂ ಮಾಡಕ್ಕಿಲ್ಲ. ಮಾತು ಒಸಿ ಕಮ್ಮಿ."

"ಮಾತು ಕಮ್ಮಿ ಆದ್ರೆ ಒಳ್ಳೇದೇ ಆಯ್ತು ಬುಡು. ಇಲ್ಲಿರೋವುಗಳ್ದೇ ಜಾಸ್ತಿಯಾಗೈತೆ."

ಬೇರೆ ಪ್ರಶ್ನೆ ಕೇಳದೆ ಸೇರಿಸಿಕೊಂಡರು. ಕಿಟಕಿಯ ಪಕ್ಕದ ಮಿಷನ್ ಕೊಟ್ಟರು. ಒಂದು ವಾರದಲ್ಲಿ ಹುಡುಗಿಯರು ಅವಳಿಗೆ 'ರಿವರ್ಸ್ ಗೇರು' ಎಂದು ಹೆಸರಿಟ್ಟರು. ಅವಳ ಚಕ್ರ ಹಿಂದಕ್ಕೇ ಹೋಗುತ್ತಿತ್ತು.

"ಏ ರಿವರ್ಸ್ ಗೇರು, ನೀನು ಮಾಗಡಿಗೆ ಅಂತ ಬಸ್ ಹತ್ತಿದ್ರೆ ಕುಣಿಗಲ್‌ಗೆ ಹೋಗಿ ಇಳೀತೀಯ ಕಣೆ" ಎಂದಳು ಒಬ್ಬಳು.

ಟೀಚರಮ್ಮ ಕತ್ತರಿ ಕೆಳಗಿಟ್ಟರು. "ನೀನು ಬಂದ ಮೊದಲ್ನೇ ದಿನ ಸೂಜಿ ಬೆರಳಿಗೆ ಚುಚ್ಚುಸ್ಕೊಂಡು ಅವ್ವಾ ಅಂತ ಬಸ್ ಸ್ಟ್ಯಾಂಡ್‌ಗಂಟ ಕೇಳಂಗೆ ಕಿರುಚಿದ್ಯಲ್ಲ, ನಾನು ಯಾರ್ಗಾದ್ರೂ ಹೇಳಿದ್ನ?" ಆಮೇಲೆ ಆ ಹೆಸರು ನನಗೆ ಕೇಳಿಸಲಿಲ್ಲ.

ಭಾಗ್ಯ ಬೇಗ ಬರುತ್ತಿದ್ದಳು, ಕೊನೆಗೆ ಏಳುತ್ತಿದ್ದಳು. ಬೆಳಿಗ್ಗೆ ಅವಳ ಚಕ್ರ ಹಿಂದಕ್ಕೆ ತಿರುಗುತ್ತಿತ್ತು. ಊಟದ ಹೊತ್ತಿಗೆ ಮುಂದಕ್ಕೆ ತಿರುಗಲು ಶುರುವಾಗುತ್ತಿತ್ತು. ಮೂರು ಗಂಟೆಗೆ ಸೂಜಿ ಟೆಂಡರ್ ಚೌಕದ ಗೆರೆ ಹಿಡಿದು ಹೋಗುತ್ತಿತ್ತು. ಮಾರನೆಯ ಬೆಳಿಗ್ಗೆ ಮತ್ತೆ ಹಿಂದಕ್ಕೆ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅವಳ ಪಕ್ಕದ ಮಿಷನ್ನಿನವರಿಂದ. ಆದರೆ ಮಧ್ಯಾಹ್ನ ಟೀಚರಮ್ಮ ದೊಡ್ಡ ಮೇಜಿನ ಹತ್ತಿರ ಹಳಬರಿಗೆ ಬಟ್ಟೆ ಕತ್ತರಿಸುವುದನ್ನು ಕಲಿಸುತ್ತಿದ್ದರು. ಮಿಷನ್‌ಗಳ ಕಡೆಗೆ ಅವರ ಬೆನ್ನು ಇರುತ್ತಿತ್ತು. ಅವರು ಕಂಡದ್ದು ಭಾಗ್ಯಳ ಬೆಳಿಗ್ಗೆಗಳನ್ನು ಮಾತ್ರ.

ಮೂರು ಸಲ ನೋಡಿ ಬಿಡುವ ಪದ್ಧತಿಯನ್ನು ಅವಳಿಗಾಗಿ ಸಡಿಲಿಸಿದರು. ಪಾಪ ಎಂದು ಮಿಷನ್ನಿನಿಂದ ಎಬ್ಬಿಸಿ ಬಟ್ಟೆಯ ಅಂಚು ಮಡಚಿ ಕೈಯಲ್ಲಿ ಹೊಲಿಯುವ ಹೆಮ್ಮಿಂಗಿಗೆ ಕೂರಿಸಿದರು. ಬೆಳಿಗ್ಗೆ ನೋಡಿದರು, ಬರಲಿಲ್ಲ. ಗುಂಡಿ ಹಾಕಲು ಕೊಟ್ಟರು. ಬರಲಿಲ್ಲ. ಕಾಜಾ ಕೊಟ್ಟರು. ಮತ್ತೆ ಮಿಷನ್ನಿಗೆ ಕೂರಿಸಿ, ಚೌಕದ ಮೂಲೆಯಲ್ಲಿ ಕಾಲು ನಿಲ್ಲಿಸಿ ಕಾಗದ ತಿರುಗಿಸುವುದನ್ನು ತೋರಿಸಿದರು. ಒಂದು ಕೆಲಸ ಕೈಗೆ ಹತ್ತುವ ಮೊದಲೇ ಇನ್ನೊಂದು. ಕೊಡುತ್ತಿದ್ದದ್ದು ಕರುಣೆಯಿಂದಲೇ.

ಮೂರು ತಿಂಗಳು ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಅತ್ತಿಗೆಯನ್ನು ಕರೆಸಿದರು. ಕ್ಲಾಸಿನ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲಿದ್ದ ನನಗೂ ಮಾತು ಕೇಳಿಸಿತು.

"ಬೇಜಾರು ಮಾಡ್ಕೊಬ್ಯಾಡ ಕಣವ್ವ ಭಾಗ್ಯ. ಹೊಲಿಗೆ ನಿನ್ನ ಕೈಗೆ ಹತ್ತಲಿಲ್ಲ. ಎಲ್ರಿಗೂ ಎಲ್ಲಾನೂ ಬರಕ್ಕಿಲ್ಲ."

"ಮಧ್ಯಾಹ್ನ ನೋಡಿ ಟೀಚರ್."

"ಏನು?"

"ಮಧ್ಯಾಹ್ನ ಬರ್ತದೆ."

"ಮಧ್ಯಾಹ್ನ ಬಂದು ಬೆಳಿಗ್ಗೆಗೆ ಹೋಗೋದನ್ನ ಕಲಿತಂಗೆ ಅನ್ನಕ್ಕಿಲ್ಲ ಕಣವ್ವ."

ಕುಂಕುಮ ಇಟ್ಟರು. ಹಸಿರು ರವಿಕೆ ಕಣ ಕೈಗೆ ಕೊಟ್ಟರು. ಅತ್ತಿಗೆ ಮುಂದೆ, ಭಾಗ್ಯ ಹಿಂದೆ ಮೆಟ್ಟಿಲಿಳಿದು ಹೋದರು.

ಆ ವರ್ಷದ ಕೊನೆಯಲ್ಲಿ ಅತ್ತಿಗೆ ಔಷಧಿ ಅಂಗಡಿಗೆಂದು ಮಾಗಡಿಗೆ ಬಂದವರು ಕಟ್ಟಡದ ಕೆಳಗೆ ಟೀಚರಮ್ಮನಿಗೆ ಸಿಕ್ಕರು. ಭಾಗ್ಯ ಹೇಗಿದ್ದಾಳೆ ಎಂದು ಕೇಳಿದ್ದಕ್ಕೆ ಹೇಳಿದರು:

"ಮಾತ್ರೆ ಬುಟ್ಬುಟ್ಳು ಟೀಚರಮ್ಮ. ನಮ್ಮುಂದೆ ಬಾಯಿಗೆ ಹಾಕ್ಕೊಳ್ಳೋಳು, ಆಮೇಲೆ ಹಿತ್ಲಲ್ಲಿ ಉಗಿಯೋಳು. ಮಾತ್ರೆಯಿಂದ್ಲೇ ನಂಗೆ ಬೆಳಗಿನ ಕೈ ಬರಕ್ಕಿಲ್ಲ ಅಂತಿದ್ಳು. ನಮಗೆ ಗೊತ್ತಾಗೋ ಹೊತ್ತಿಗೆ ತಡ ಆಗ್ಬುಟ್ಟಿತ್ತು. ಒಂದಿನ ಕುಣಿಗಲ್ ರೋಡಲ್ಲಿ ಬರೀಗಾಲಲ್ಲಿ ಹೋಯ್ತಿದ್ದೋಳನ್ನ ಬಸ್ಸಿನೋರು ಕರ್ಕಂಡು ಬಂದ್ರು. ಬೆಂಗ್ಳೂರಲ್ಲಿ ಒಂದು ತಿಂಗ್ಳ ಮೇಲೆ ಅಡ್ಮಿಟ್ ಆಗಿದ್ಳು. ಈಗ ಒಸಿ ವಾಸಿ."

"ಬೆಳಗಿನ ಕೈ ಅಂದ್ಳಾ?"

"ಹೂಂ, ಅದೇನೋ ನಿಮ್ಮ ಕ್ಲಾಸಿಂದಂತೆ."

ಭಾಗ್ಯ ಮಾತ್ರೆ ಬಿಟ್ಟದ್ದಕ್ಕೆ ಕ್ಲಾಸು ಕಾರಣ ಎಂದು ಯಾವ ವೈದ್ಯರೂ ಹೇಳಿಲ್ಲ. ಕಾಯಿಲೆ ಮರುಕಳಿಸಲು ಕಾರಣ ಹಲವಿರುತ್ತವೆ. ಅತ್ತಿಗೆಯೂ ಹಾಗೆ ಹೇಳಲಿಲ್ಲ. ಹೇಳಿದವರು ಟೀಚರಮ್ಮ ಒಬ್ಬರೇ, ಮತ್ತು ಅದನ್ನು ಸಾಯುವವರೆಗೂ ಬದಲಿಸಲಿಲ್ಲ.

ರಾಮನಗರದ ಆಸ್ಪತ್ರೆಗೆ ಭಾಗ್ಯಳನ್ನು ತಿಂಗಳಿಗೊಮ್ಮೆ ತೋರಿಸಲು ಕರೆದೊಯ್ಯುತ್ತಿದ್ದರು. ಮುಂದಿನ ತಿಂಗಳು ಟೀಚರಮ್ಮ ಕ್ಲಾಸಿಗೆ ರಜೆ ಕೊಟ್ಟು, ಅತ್ತಿಗೆಯನ್ನು ಕೇಳಿಕೊಂಡು ಅವರ ಜೊತೆ ಹೋದರು. ಅಂದು ರೇಷ್ಮೆಗೂಡಿನ ಮಾರುಕಟ್ಟೆಯ ಸುದ್ದಿಗೆ ನಾನೂ ರಾಮನಗರದಲ್ಲಿದ್ದೆ. ಸಂಜೆ ಅವರಿದ್ದ ಬಸ್ಸಿನಲ್ಲೇ ಮರಳಿದೆ. ವೈದ್ಯೆಯೊಡನೆ ನಡೆದ ಮಾತನ್ನು ಟೀಚರಮ್ಮ ಬಸ್ಸಿನಲ್ಲಿ ಹೇಳಿದರು. ಬರೆಯುವ ಮುಂಚೆ ಆ ವೈದ್ಯೆಯನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಟೀಚರಮ್ಮ ಕೇಳಿದ್ದು ಹೀಗೆ: "ಡಾಕ್ಟ್ರಮ್ಮ, ನಿದ್ದೆ ಮಾಡಿ ಎದ್ದರೆ ಕೈ ಕುದುರ್ತೈತೆ ಅಂತ ನಾನು ನಂಬ್ಕೊಂಡು ಬಂದಿದ್ದೆ. ಅದು ಸುಳ್ಳಾ?"

"ಸುಳ್ಳಲ್ಲ ಅಮ್ಮ. ನೀವು ಕಂಡದ್ದು ನಿಜ. ಕೈಕಾಲಿನ ಕೆಲಸ ಕಲಿತ ಮೇಲೆ ಮಲಗಿದರೆ ಅದು ಒಳಗೇ ಗಟ್ಟಿಯಾಗುತ್ತೆ. ಆದರೆ ಈ ಕಾಯಿಲೆ ಇರುವ ಎಷ್ಟೋ ಜನರಲ್ಲಿ ಆ ರಾತ್ರಿಯ ಲಾಭ ಅಷ್ಟಾಗಿ ಸಿಗೋದಿಲ್ಲ. ಎಲ್ಲರಲ್ಲೂ ಒಂದೇ ಥರ ಅಂತಲ್ಲ. ಇವರ ಮಾತ್ರೆ ರಾತ್ರಿಯದು, ಬೆಳಿಗ್ಗೆ ಮೈ ಬಿಗಿ ಇರುತ್ತೆ, ಮಂಪರು ಇರುತ್ತೆ. ಬೆಳಿಗ್ಗೆ ಪರೀಕ್ಷೆ ಮಾಡಿದರೆ ಸೋಲ್ತಾರೆ."

"ಹಂಗಾದ್ರೆ ಇವ್ರು ಕಲಿಯಕ್ಕಿಲ್ವಾ?"

"ಕಲೀತಾರೆ. ನಿಧಾನ. ಒಂದೇ ಕೆಲಸ, ಒಂದೇ ಜಾಗ, ದಿನಾ ಸ್ವಲ್ಪ. ಪಾಪ ಅಂತ ಕೆಲಸ ಬದಲಾಯಿಸ್ತಾ ಹೋದರೆ ಪ್ರತಿ ಸಲ ಮೊದಲಿಂದ ಶುರುವಾಗುತ್ತೆ. ಬಾಯಲ್ಲಿ ವಿವರಿಸಿ ಹೇಳೋಕೆ ಬರದಿದ್ದರೂ ಕೈಕಾಲಿಗೆ ಕೂಡ್ತಾ ಹೋಗುತ್ತೆ. ಮಾತ್ರೆ ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಬಿಗಿತ ಜಾಸ್ತಿ ಅನ್ನಿಸಿದರೆ ನಮಗೆ ಹೇಳಿ, ನಾವು ಬದಲಾಯಿಸ್ತೀವಿ."

ಅಂದು ಮಾತ್ರೆಯನ್ನು ಸ್ವಲ್ಪ ಬದಲಿಸಿಯೂ ಕೊಟ್ಟರು.

ಬಸ್ಸಿನಲ್ಲಿ ಭಾಗ್ಯ, ಅತ್ತಿಗೆ ಮುಂದಿನ ಸೀಟಿನಲ್ಲಿದ್ದರು. ಟೀಚರಮ್ಮ ನನ್ನ ಪಕ್ಕ ಕೂತಿದ್ದರು. ಸ್ವಲ್ಪ ದೂರ ಬಂದ ಮೇಲೆ ಕೇಳಿದರು:

"ನಿಮ್ಮ ಪೇಪರಲ್ಲಿ ತಪ್ಪು ಬಂದ್ರೆ ಏನಪ್ಪ ಮಾಡ್ತೀರ?"

"ತಿದ್ದುಪಡಿ ಹಾಕ್ತೀವಿ."

"ಎಲ್ಲಿ?"

"ಒಳಗಿನ ಪುಟದಲ್ಲಿ, ಕೆಳಗೆ."

"ತಪ್ಪು ಬಂದಿದ್ದು ಎಲ್ಲಿ?"

"ಕೆಲವು ಸಲ ಮೊದಲ ಪುಟದಲ್ಲಿ."

"ಚೆನ್ನಾಗೈತೆ ನಿಮ್ಮ ನ್ಯಾಯ."

ಮಾರನೆಯ ಬೆಳಿಗ್ಗೆ ಅವರು ಕ್ಲಾಸಿನ ನಡುವೆ ನಿಂತು, ಭಾಗ್ಯಳನ್ನು ಕಳಿಸಿದ್ದು ತಪ್ಪು, ಅವಳು ಕಲಿಯುತ್ತಿದ್ದಳು, ತಾವು ನೋಡಲಿಲ್ಲ ಎಂದು ಹೇಳಿದರು. ಗೋಡೆಯಾಚೆ ಮಿಷನ್‌ಗಳ ಸದ್ದು ನಿಂತದ್ದು ನನಗೆ ಗೊತ್ತಾಯಿತು. ಬೆಳಗಿನ ಕೈ ನೋಡುವುದನ್ನು ಅಂದೇ ನಿಲ್ಲಿಸಿದರು. ಹುಡುಗಿಯರಿಗೆ ಇದು ಹಿಡಿಸಲಿಲ್ಲ. ಬೆಳಿಗ್ಗೆ ಸರಿಯಾಗಿ ಬಂದದ್ದನ್ನು ತೋರಿಸುವ ಖುಷಿ ಅವರಿಗೆ ತಪ್ಪಿತು. ಒಬ್ಬಳು ನೇರವಾಗಿ ಕೇಳಿದಳು: "ಹಂಗಾದ್ರೆ ಪಾಸಾದ್ವೋ ಇಲ್ವೋ ಅಂತ ಗೊತ್ತಾಗೋದು ಹೆಂಗೆ ಟೀಚರ್?" "ನಂಗೂ ಗೊತ್ತಿಲ್ಲ ಕಣವ್ವ" ಎಂದರು ಅವರು.

ಆ ಭಾನುವಾರ ಕಿಟಕಿಯ ಪಕ್ಕದ ಮಿಷನ್ನನ್ನೇ ಲಗೇಜ್ ಆಟೊದಲ್ಲಿ ಹಾಕಿಸಿಕೊಂಡು ಭಾಗ್ಯಳ ಊರಿಗೆ ಹೋದರು. ಇಲ್ಲಿಂದ ಮುಂದೆ ಆ ಮನೆಯಲ್ಲಿ ನಡೆದದ್ದನ್ನು ನನಗೆ ಹೇಳಿದವರು ಅತ್ತಿಗೆ. ಆಟೊ ಬಾಗಿಲಿಗೆ ಬಂದಾಗ ತಾವು ಆಡಿದ ಮಾತನ್ನೂ ಅವರು ಮುಚ್ಚಿಡಲಿಲ್ಲ.

"ಈಗ್ಯಾಕೆ ಬಂದ್ರಿ ಟೀಚರಮ್ಮ? ಅವತ್ತು ರವಿಕೆ ಕಣ ಕೊಟ್ಟು ಕಳಿಸಿದ್ರಲ್ಲ, ಅದನ್ನ ಹೊಲಿಸಕ್ಕಾ?"

"ಅನ್ನವ್ವ, ಇನ್ನೂ ಅನ್ನು."

"ಅನ್ನಾಕೆ ಬೇಕಾದಷ್ಟೈತೆ. ಆಸ್ಪತ್ರೇಲಿ ಅವ್ಳ ಪಕ್ಕ ಕೂತಿದ್ದೋಳು ನಾನು."

"ಗೊತ್ತು ಕಣವ್ವ."

ಮಿಷನ್ ಇಳಿಸಿದರು. ಹಜಾರದಲ್ಲಿ ಬೆಳಕು ಬೀಳುವ ಕಡೆ ಇಟ್ಟರು. ಭಾಗ್ಯ ಅದರ ಹತ್ತಿರ ಬರಲಿಲ್ಲ. ಬಾ ಎಂದು ಟೀಚರಮ್ಮ ಕರೆಯಲೂ ಇಲ್ಲ. ನಾನು ಕೊಟ್ಟಿದ್ದ ಟೆಂಡರ್ ಪುಟಗಳನ್ನು ಮಿಷನ್ನಿನ ಖಾನೆಯಲ್ಲಿಟ್ಟು ಸಂಜೆಯ ಬಸ್ಸಿಗೆ ಮರಳಿದರು.

ಪ್ರತಿ ಭಾನುವಾರ ಮಧ್ಯಾಹ್ನ ಹೋಗುತ್ತಿದ್ದರು. ಮಿಷನ್ ಮೇಲೆ ವಾರಪೂರ್ತಿ ಟೊಮೊಟೊ ಬುಟ್ಟಿ, ಮಡಚಿದ ಬಟ್ಟೆ, ಟಿವಿಯ ರಿಮೋಟು ಇರುತ್ತಿದ್ದವು. ಅವನ್ನು ಕೆಳಗಿಳಿಸಿ, ತಾವೇ ಕೂತು ಮನೆಯ ಹರಿದ ದುಪ್ಪಟಿ, ಮಕ್ಕಳ ಚಡ್ಡಿ ಹೊಲಿಯುತ್ತಿದ್ದರು. ಸುದ್ದಿ ಹಬ್ಬಿ ಅಕ್ಕಪಕ್ಕದವರೂ ತರಲು ಶುರುಮಾಡಿದರು. "ಊರಲ್ಲಿ ಹರಿದಿದ್ದೆಲ್ಲ ನಮ್ಮ ಮನೇಗೇ ಬತ್ತಾ ಐತೆ" ಎಂದು ಅತ್ತಿಗೆ ಗೊಣಗಿದರು. ಗೊಣಗುತ್ತಲೇ ಕಾಫಿ ಕೊಟ್ಟರು. ಅದು ಆ ಮನೆಯಲ್ಲಿ ಟೀಚರಮ್ಮನಿಗೆ ಸಿಕ್ಕ ಮೊದಲ ಕಾಫಿ. ಭಾಗ್ಯ ಕಂಬಕ್ಕೆ ಒರಗಿ ಕೂತು ಚಕ್ರ ನೋಡುತ್ತಿದ್ದಳು.

ಹೀಗೆ ಐದಾರು ತಿಂಗಳು ಕಳೆಯಿತು. ಒಂದು ಭಾನುವಾರ ಟೀಚರಮ್ಮನಿಗೆ ಬಸ್ಸು ತಪ್ಪಿ ತಡವಾಯಿತು. ಮನೆಯ ಹತ್ತಿರ ಬಂದಾಗ ಅತ್ತಿಗೆ ಜಗಲಿಯಲ್ಲಿ ನಿಂತು, ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದರು. ಒಳಗೆ ಮಿಷನ್ ಓಡುತ್ತಿತ್ತು. ಟೀಚರಮ್ಮ ಜಗಲಿಯ ಮೇಲೆ ಕೂತರು. ಚಕ್ರ ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೋ ಎಂಬುದು ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

"ಯಾವ ಕಡೀಕೆ?" ಎಂದು ಅತ್ತಿಗೆ ಪಿಸುಗುಟ್ಟಿದರು.

"ಮುಂದಕ್ಕೆ."

ಸದ್ದು ನಿಲ್ಲುವವರೆಗೆ ಒಳಗೆ ಹೋಗಲಿಲ್ಲ. ಆಮೇಲೆ ಹೋಗಿ ನೋಡಿದರೆ, ಭಾಗ್ಯ ಒಂದು ಟೆಂಡರ್ ಚೌಕವನ್ನು ಸುತ್ತು ಹಾಕಿದ್ದಳು. ಮೂಲೆಗಳಲ್ಲಿ ಕಾಲು ನಿಲ್ಲಿಸಿ ಕಾಗದ ತಿರುಗಿಸಿದ್ದಳು. ಅದನ್ನು ಅವಳಿಗೆ ತೋರಿಸಿದ್ದು ಅವಳು ಕ್ಲಾಸಿನಲ್ಲಿದ್ದ ಕೊನೆಯ ವಾರದಲ್ಲಿ. ಅಲ್ಲಿಂದ ಇಲ್ಲಿಗೆ ಒಂದು ವರ್ಷದ ಮೇಲಾಗಿತ್ತು. ನಡುವೆ ಆಸ್ಪತ್ರೆ ಇತ್ತು. ಯಾರೂ ಮತ್ತೆ ಹೇಳಿಕೊಟ್ಟಿರಲಿಲ್ಲ. ಕಲಿತದ್ದು ಹೋಗಿರಲಿಲ್ಲ.

ಟೀಚರಮ್ಮ ಅವಳ ಪಕ್ಕ ನೆಲದ ಮೇಲೆ ಕೂತರು. "ಅವತ್ತು ನಿನ್ನ ಕಳಿಸಬಾರದಾಗಿತ್ತು ಕಣವ್ವ. ತಪ್ಪಾಯ್ತು ನಂದು."

"ಯಾವತ್ತು ಟೀಚರ್?"

"ರವಿಕೆ ಕಣ ಕೊಟ್ಟೆನಲ್ಲ, ಸೋಮವಾರ. ಮಧ್ಯಾಹ್ನ ನೋಡಿ ಅಂದೆ ನೀನು."

ಭಾಗ್ಯ ಯೋಚಿಸಿದಳು. "ಗೊತ್ತಿಲ್ಲ ಟೀಚರ್. ನೆನಪಿಲ್ಲ" ಎಂದು ಹೇಳಿ ಇನ್ನೊಂದು ಪುಟ ಸೂಜಿಯ ಕೆಳಗಿಟ್ಟಳು.

ಮಾರನೆಯ ದಿನ ಟೀಚರಮ್ಮ ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತರು. ಅವರು ಹಾಗೆ ಕೂತದ್ದು ಕಡಿಮೆ. "ಕಾಲಿಗೆ ನೆನಪೈತೆ. ಅವ್ಳಿಗಿಲ್ಲ. ನಾನು ಕ್ಷಮೆ ಯಾರ್ನ ಕೇಳ್ಲಪ್ಪ, ಕಾಲನ್ನಾ?" ಎಂದರು. ನಗಲಿಲ್ಲ.

ಹಾಗೆ ಮರೆಯಲು ಸಾಧ್ಯವೇ ಎಂದು ವೈದ್ಯೆಯನ್ನು ಕೇಳಿದ್ದೇನೆ. ಸಾಧ್ಯ ಎಂದರು, ನಡೆದದ್ದರ ನೆನಪು ಬೇರೆ, ಕೈಕಾಲಿನ ನೆನಪು ಬೇರೆ ಎಂದರು. ಆ ದಿನದ ಮಾತು ಎತ್ತಲು ಅವಳಿಗೆ ಇಷ್ಟವಿಲ್ಲದೆಯೂ ಇರಬಹುದು ಎಂದರು. ಎರಡರಲ್ಲಿ ಯಾವುದು ಎಂದು ನಾನು ಭಾಗ್ಯಳನ್ನು ಕೇಳಿಲ್ಲ.

ಆಮೇಲೆ ಟೀಚರಮ್ಮ ಹಳಬರನ್ನು ಹುಡುಕಲು ಹೊರಟರು. ಮೂವತ್ತು ವರ್ಷದಲ್ಲಿ ಕುಂಕುಮ ಕೊಟ್ಟು ಕಳಿಸಿದವರನ್ನು. ಅವರಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತೋ, ಇರಲಿಲ್ಲವೋ ಟೀಚರಮ್ಮನಿಗೆ ಗೊತ್ತಿರಲಿಲ್ಲ. ಹೆಸರುಗಳೂ ನೆನಪಿರಲಿಲ್ಲ. ಮೂವರು ಸಿಕ್ಕರು. ಒಬ್ಬಾಕೆ ರಾಮನಗರ ರಸ್ತೆಯಲ್ಲಿ ಮುದ್ದೆ ಊಟದ ಹೋಟೆಲ್ ನಡೆಸುತ್ತಿದ್ದರು. ಅಲ್ಲಿಗೆ ನಾನೂ ಹೋಗಿದ್ದೆ.

"ಅಯ್ಯೋ ಬುಡಿ ಟೀಚರಮ್ಮ! ನೀವು ಓಡಿಸಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ಇವತ್ತಿಗೂ ಯಾರದೋ ಲಂಗಕ್ಕೆ ಲಾಡಿ ಹಾಕ್ಕೊಂಡು ಕೂತಿರ್ತಿದ್ದೆ. ಕೂತ್ಕಳಿ, ಮುದ್ದೆ ಬಿಸಿ ಐತೆ" ಎಂದು ಆಕೆ ಜೋರಾಗಿ ನಕ್ಕರು.

ಟೀಚರಮ್ಮ ಉಂಡರು. ಹೊರಗೆ ಬಂದ ಮೇಲೆ, "ಅವ್ಳು ಒಸಿ ಬೈದಿದ್ರೆ ಚೆನ್ನಾಗಿತ್ತು" ಎಂದರು.

ಭಾಗ್ಯ ಕಾಗದದಿಂದ ಬಟ್ಟೆಗೆ ಬರಲು ಇನ್ನೂ ಐದಾರು ತಿಂಗಳು ಹಿಡಿಯಿತು. ಮೊದಲು ದಿಂಬಿನ ಚೀಲ, ಆಮೇಲೆ ಒಳಲಂಗ. ಮಾಗಡಿಯ ಒಂದು ಬಟ್ಟೆ ಅಂಗಡಿಯವರು ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಮಿಷನ್ನಿಗೆ ಹೊದಿಕೆ ಇರುತ್ತಿತ್ತು. ಊಟವಾದ ಮೇಲೆ ತೆಗೆಯುತ್ತಿದ್ದಳು. ಮಾತ್ರೆ ತಪ್ಪಿಸಲಿಲ್ಲ. ರವಿಕೆಯನ್ನು ಟೀಚರಮ್ಮ ಕಲಿಸಲಿಲ್ಲ. "ಕಲ್ತಿರೋದ್ರಲ್ಲೇ ಇರ್ಲಿ. ನಾನು ಒಂದ್ಸಲ ಅವಸರ ಮಾಡಿದ್ದು ಸಾಕು" ಎಂದರು. ಆ ಹಸಿರು ಕಣ ಎಲ್ಲಿದೆ ಎಂದು ಅತ್ತಿಗೆಗೂ ಗೊತ್ತಿಲ್ಲ.

ಭಾನುವಾರ ಟೀಚರಮ್ಮ ಹೋಗದಿದ್ದರೆ ಭಾಗ್ಯ ಆ ವಾರ ಮಿಷನ್ನಿಗೆ ಕೂರುತ್ತಿರಲಿಲ್ಲ. ಟೀಚರಮ್ಮನಿಗೆ ಕಾಲು ನೋವೆಂದು ಎರಡು ವಾರ ತಪ್ಪಿದಾಗ ಇದು ಗೊತ್ತಾಯಿತು. ಕಳೆದ ವರ್ಷ ಅವರು ಕ್ಲಾಸು ಮುಚ್ಚಿದರು. ಭಾನುವಾರದ ಬಸ್ಸು ಬಿಡಲಿಲ್ಲ. ಡಿಸೆಂಬರಿನಲ್ಲಿ ಕೆಮ್ಮು ಶುರುವಾದಾಗ ಕನಕಪುರದ ಹೈಸ್ಕೂಲಿನಲ್ಲಿ ಟೀಚರಾಗಿರುವ ಮಗಳು ಬಂದರು. ಆ ದಿನಗಳಲ್ಲಿ ಅವರು ಮಗಳಿಗೂ ನನಗೂ ಒಂದೇ ಮಾತು ಹೇಳುತ್ತಿದ್ದರು: "ನಾನು ಹೋದ್ಮೇಲೆ ಅವ್ಳು ಬುಟ್ಬುಡ್ತಾಳೆ. ಭಾನ್ವಾರ ಯಾರು ಹೋಯ್ತಾರೆ?"

"ನನಗೆ ಸೂಜಿಗೆ ದಾರ ಹಾಕೋಕೂ ಬರಲ್ವಲ್ಲಮ್ಮ" ಎಂದರು ಮಗಳು.

"ಹೇಳ್ಕೊಡೋರು ಬ್ಯಾಡ ಕಣೆ. ಸುಮ್ಕೆ ಕೂರೋರು ಬೇಕು."

ಸಾವಿನ ಸುದ್ದಿಯನ್ನು ಭಾಗ್ಯಳಿಗೆ ಮೂರು ದಿನ ತಡವಾಗಿ, ಮಧ್ಯಾಹ್ನ ಊಟವಾದ ಮೇಲೆ ಅತ್ತಿಗೆ ಹೇಳಿದರು. "ಭಾನುವಾರ ಬರಲ್ವಾ?" ಎಂದು ಕೇಳಿದಳು. ಇಲ್ಲ ಎಂದರು. ಎದ್ದು ಹೋಗಿ ಮಿಷನ್ನಿಗೆ ಹೊದಿಕೆ ಹಾಕಿದಳು. ಜನವರಿಯಲ್ಲಿ ಕೂರಲಿಲ್ಲ. ಫೆಬ್ರವರಿಯಲ್ಲೂ ಕೂರಲಿಲ್ಲ. ಒತ್ತಾಯ ಬೇಡ, ಮಾತ್ರೆ ಮಾತ್ರ ನೋಡಿಕೊಳ್ಳಿ ಎಂದರು ವೈದ್ಯೆ.

ಫೆಬ್ರವರಿ ಎರಡನೆಯ ಭಾನುವಾರದಿಂದ ಮಗಳು ಕನಕಪುರದಿಂದ ಬರುತ್ತಿದ್ದಾರೆ. ಹಜಾರದಲ್ಲಿ ಕೂತು ಶಾಲೆಯ ಉತ್ತರಪತ್ರಿಕೆ ತಿದ್ದುತ್ತಾರೆ, ಸಂಜೆಯ ಬಸ್ಸಿಗೆ ಹೋಗುತ್ತಾರೆ. ಮಾರ್ಚ್ ಎಂಟರ ಭಾನುವಾರ ಭಾಗ್ಯ ಹೊದಿಕೆ ತೆಗೆದಳು, ಹೊಲಿಯಲಿಲ್ಲ. ಹದಿನೈದರಂದು ಒಂದು ದಿಂಬಿನ ಚೀಲ ಹೊಲಿದಳು. ಸೋಮವಾರ ಕೂರಲಿಲ್ಲ. ಮಂಗಳವಾರ ಸಂಜೆ ಅತ್ತಿಗೆ ನನಗೆ ಫೋನ್ ಮಾಡಿದರು. ಅಂದು ಮನೆಗೆ ಯಾರೂ ಬಂದಿರಲಿಲ್ಲ. ಮಧ್ಯಾಹ್ನ ಭಾಗ್ಯ ಒಬ್ಬಳೇ ಮಿಷನ್ನಿಗೆ ಕೂತಿದ್ದಳು.